ಜಾಲತಾಣ ಇದ್ದರೆ ಸಾಲದು, ಹುಡುಕಿದವರಿಗೆ ಸಿಗಬೇಕು



ಈ ವರ್ಷ ಹೂಮಳೆ ಬಿದ್ದ ವಾರದಲ್ಲಿ ಕಳಸದ ಕಡೆಯ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ಒಂದು ಅಹವಾಲು ಹೇಳಿಕೊಂಡರು. ಅವರದು ಆರು ಎಕರೆ ಹಿಡುವಳಿ. ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಹಳ್ಳದ ಬದಿಯಲ್ಲಿ ಒಂದಿಷ್ಟು ಅಡಿಕೆ. ಎರಡು ವರ್ಷದ ಹಿಂದೆ ತಮ್ಮ ಕಾಫಿಯನ್ನು ತಾವೇ ಹುರಿದು ಪುಡಿ ಮಾಡಿ ಮಾರಲು ತೊಡಗಿದರು. ಅದಕ್ಕೆಂದು ಒಂದು ಜಾಲತಾಣವನ್ನೂ ಮಾಡಿಸಿದರು. ಹಣ ಖರ್ಚಾಯಿತು, ತಾಣ ನೋಡಲು ಚೆನ್ನಾಗಿಯೇ ಇದೆ. ಆದರೆ ಅದನ್ನು ನೋಡಿ ಪುಡಿ ತರಿಸಿದವರು ಅವರ ಭಾವಮೈದುನ ಒಬ್ಬರೇ. "ದೊಡ್ಡ ಬೋರ್ಡು ಬರೆಸಿ ಕಾಡಿನೊಳಗೆ ನೆಟ್ಟ ಹಾಗಾಯಿತು ಸ್ವಾಮಿ" ಎಂದರು.

ನಾವು ಅಲ್ಲಿಯೇ ಕುಳಿತು ಫೋನಿನಲ್ಲಿ ಪರೀಕ್ಷಿಸಿದೆವು. ಅವರ ಎಸ್ಟೇಟಿನ ಹೆಸರನ್ನು ಗೂಗಲ್‌ನಲ್ಲಿ ಬರೆದಾಗ ತಾಣ ಮೊದಲಿಗೇ ಬಂತು. 'ಕಳಸದ ಕಾಫಿ ಪುಡಿ' ಎಂದು ಬರೆದಾಗ ಬರಲಿಲ್ಲ. ಚಿಕೋರಿ ಇಲ್ಲದ ಚಿಕ್ಕಮಗಳೂರು ಫಿಲ್ಟರ್ ಕಾಫಿ ಬೇಕೆಂದು ಇಂಗ್ಲಿಷಿನಲ್ಲಿ ಬರೆದು ಐದು ಪುಟ ತಿರುವಿದರೂ ಕಾಣಲಿಲ್ಲ. ಎಂದರೆ, ಹೆಸರನ್ನು ಮೊದಲೇ ಬಲ್ಲವರಿಗೆ ಮಾತ್ರ ಆ ತಾಣ ಸಿಗುತ್ತಿತ್ತು. ಹೆಸರು ಬಲ್ಲವರು ಫೋನನ್ನೇ ಮಾಡುತ್ತಾರೆ. ತಾಣ ಬೇಕಾಗಿರುವುದು ಹೆಸರು ತಿಳಿಯದವರಿಗೆ.

ಈ ತೊಂದರೆ ಅವರೊಬ್ಬರದಲ್ಲ. ಪುಡಿ ಮಾರುವವರು, ಮೆಣಸು ಕಟ್ಟಿ ಕಳುಹಿಸುವವರು, ಹೋಂಸ್ಟೇ ನಡೆಸುವವರು, ನರ್ಸರಿ ಇಟ್ಟವರು, ಹೀಗೆ ನಮ್ಮ ಸದಸ್ಯರಲ್ಲಿ ಹಲವರು ಜಾಲತಾಣ ಮಾಡಿಸಿದ್ದಾರೆ. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನು ಹುಡುಕಿದವರ ಕಣ್ಣಿಗೆ ಬೀಳುವಂತೆ ಮಾಡುವ ಪ್ರಾಥಮಿಕ ಕ್ರಮಗಳನ್ನು ವಿವರಿಸಿದ್ದೇವೆ. ಇದರಲ್ಲಿ ಬಹುಪಾಲನ್ನು ಮನೆಯಲ್ಲೇ, ಖರ್ಚಿಲ್ಲದೆ ಮಾಡಿಕೊಳ್ಳಬಹುದು.

ಇದು ನಮಗೇಕೆ?

ಪೂಲ್ ಪದ್ಧತಿಯ ಕಾಲವನ್ನು ಹಿರಿಯ ಸದಸ್ಯರು ಮರೆತಿರಲಾರರು. 1942ರ ಕಾಫಿ ಕಾಯಿದೆಯ ಅನ್ವಯ ನಮ್ಮ ಬೆಳೆಯನ್ನು ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಾಗಿತ್ತು. ಬೋರ್ಡು ಮಾರುತ್ತಿತ್ತು, ಹಣ ಕಂತುಗಳಲ್ಲಿ ಬರುತ್ತಿತ್ತು. ಆ ಪದ್ಧತಿಯಲ್ಲಿ ದೋಷಗಳಿದ್ದವು. ಆದರೆ ಗಿರಾಕಿಯನ್ನು ಹುಡುಕುವ ಹೊಣೆ ಬೆಳೆಗಾರನದಾಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲಿಕೆಯಾಗಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ತಮ್ಮ ಕಾಫಿಯನ್ನು ತಾವೇ ಮಾರುವ ಸ್ವಾತಂತ್ರ್ಯ ದೊರೆಯಿತು. ಸ್ವಾತಂತ್ರ್ಯದ ಜೊತೆಗೆ ಹುಡುಕುವ ಹೊಣೆಯೂ ಬಂತು. ಸಣ್ಣ ಬೆಳೆಗಾರನಿಗೆ ಹತ್ತಿರದ ವ್ಯಾಪಾರಿಯೇ ಮಾರುಕಟ್ಟೆಯಾದನು.

ಇಂದು ಬೆಂಗಳೂರಿನಲ್ಲಿ ಕುಳಿತವರು ತೋಟದಿಂದಲೇ ಕಾಫಿ ತರಿಸಬೇಕೆಂದುಕೊಂಡರೆ ಮೊದಲು ಫೋನು ತೆಗೆದು ಹುಡುಕುತ್ತಾರೆ. ಆ ಹುಡುಕಾಟದಲ್ಲಿ ಕಾಣದ ತೋಟ ಅವರ ಪಾಲಿಗೆ ಇಲ್ಲವೇ ಇಲ್ಲ.

ಸರ್ಚ್ ಎಂಜಿನ್ ಕೆಲಸ ಮಾಡುವ ಬಗೆ

ಗೂಗಲ್ ಎಂಬುದು 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್, ಸ್ಥಾಪಿಸಿದ ಸಂಸ್ಥೆ. ಅದರ ಕೆಲಸದಲ್ಲಿ ಮೂರು ಹಂತಗಳಿವೆ.

ಮೊದಲನೆಯದು ಸಂಚಾರ. ಅದರ ಗಣಕಗಳು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳನ್ನು ಹಿಡಿದು ಸಾಗುತ್ತವೆ. ಗಾಡಿದಾರಿ ಇಲ್ಲದ ತೋಟಕ್ಕೆ ಲಾರಿ ಬಾರದು. ಹಾಗೆಯೇ ಯಾವ ಕೊಂಡಿಯೂ ಇಲ್ಲದ ಪುಟಕ್ಕೆ ಈ ಸಂಚಾರಿ ಬರುವುದು ಕಷ್ಟ. ಎರಡನೆಯದು ದಾಖಲೆ. ಕಂಡ ಪುಟದಲ್ಲಿ ಏನಿದೆ ಎಂಬುದನ್ನು ಓದಿ, ಪುಸ್ತಕದ ಕೊನೆಯ ಪದಸೂಚಿಯಂತೆ ಬರೆದಿಟ್ಟುಕೊಳ್ಳುತ್ತದೆ. ಮೂರನೆಯದು ಸಾಲು ಹಚ್ಚುವುದು. ಯಾರಾದರೂ ಹುಡುಕಿದಾಗ ದಾಖಲೆಯಲ್ಲಿರುವ ಪುಟಗಳಲ್ಲಿ ಯಾವುದು ಆ ಪ್ರಶ್ನೆಗೆ ತಕ್ಕದ್ದು, ಯಾವುದು ನಂಬಲರ್ಹ ಎಂದು ಅಳೆದು ಒಂದರ ಕೆಳಗೊಂದು ತೋರಿಸುತ್ತದೆ.

ಇದರಿಂದ ತಿಳಿಯಬೇಕಾದ ಮುಖ್ಯ ಸಂಗತಿ ಒಂದು. ಪುಟದಲ್ಲಿ ಬರೆಯದೆ ಇರುವುದು ದಾಖಲೆಗೆ ಹೋಗುವುದಿಲ್ಲ. ಕಳಸದ ಸದಸ್ಯರ ತಾಣದ ಮೊದಲ ಪುಟದಲ್ಲಿ 'ಮಂಜಿನ ಮಡಿಲಿಂದ ನಿಮ್ಮ ಮನೆಗೆ' ಎಂದಿತ್ತು, ಸುಂದರವಾದ ಚಿತ್ರಗಳಿದ್ದವು. ಆದರೆ ಕಾಫಿ ಪುಡಿ ಎಂಬ ಮಾತಾಗಲಿ, ಕಳಸ ಎಂಬ ಊರಿನ ಹೆಸರಾಗಲಿ ಅಕ್ಷರಗಳಲ್ಲಿ ಎಲ್ಲಿಯೂ ಇರಲಿಲ್ಲ! ಬೆಲೆಪಟ್ಟಿಯನ್ನು ಫೋಟೋ ತೆಗೆದು ಅಂಟಿಸಿದ್ದರು. ಮಂಜಿನ ಮಡಿಲನ್ನು ಹುಡುಕಿ ಕಾಫಿ ಕೊಳ್ಳುವವರನ್ನು ನಾವಂತೂ ಕಂಡಿಲ್ಲ.

ನಮ್ಮ ಮಾತು, ಕೊಳ್ಳುವವರ ಮಾತು

ನಾವು ಮಾತಾಡುವ ಭಾಷೆ ತೋಟದ ಭಾಷೆ. ಕೊಳ್ಳುವವರು ಹುಡುಕುವುದು ಅಡಿಗೆಮನೆಯ ಭಾಷೆಯಲ್ಲಿ, ಇಲ್ಲವೆ ರೋಸ್ಟರುಗಳ ಭಾಷೆಯಲ್ಲಿ. ಇವೆರಡನ್ನೂ ಜೋಡಿಸುವುದೇ ಈ ವಿದ್ಯೆಯ ತಿರುಳು.

ನಾವು ಅರೇಬಿಕಾ ಪಾರ್ಚ್‌ಮೆಂಟ್ ಎನ್ನುತ್ತೇವೆ. ಸಂಸ್ಕರಣವಾದ ಮೇಲೆ ವ್ಯಾಪಾರದಲ್ಲಿ ಅದಕ್ಕೆ ಪ್ಲಾಂಟೇಶನ್ ಎ ಮುಂತಾದ ದರ್ಜೆಯ ಹೆಸರು. ರೋಸ್ಟರುಗಳು ಅದನ್ನೇ ವಾಶ್ಡ್ ಅರೇಬಿಕಾ ಎಂದು ಹುಡುಕುತ್ತಾರೆ. ನಾವು ಚೆರಿ ಎಂದು ಒಣಗಿಸುವುದನ್ನು ಅವರು ನ್ಯಾಚುರಲ್ ಎನ್ನುತ್ತಾರೆ. ನಾವು 50 ಕಿಲೋ ಮೂಟೆಯ ಲೆಕ್ಕ ಹೇಳುತ್ತೇವೆ. ಮನೆಯವರಿಗೆ ಬೇಕಾದ್ದು 250 ಗ್ರಾಮಿನ ಪೊಟ್ಟಣ. ಅಡಿಕೆಯಲ್ಲೂ ಹಾಗೆಯೇ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬುದು ನಮ್ಮ ಮಂಡಿಯ ಮಾತು. ಉತ್ತರ ಭಾರತದವರು ಹುಡುಕುವುದು ಸುಪಾರಿ ಎಂದು. ಎರಡೂ ಮಾತುಗಳು ಪುಟದಲ್ಲಿರಲಿ, ಆದರೆ ಸಹಜವಾದ ವಾಕ್ಯದಲ್ಲಿರಲಿ.

ಊರಿನ ಹೆಸರಿನಲ್ಲೂ ಇದೇ ತೊಡಕುಂಟು. 2014ರ ನವೆಂಬರಿನಲ್ಲಿ ಸರ್ಕಾರ ನಮ್ಮ ಜಿಲ್ಲೆಯ ಹೆಸರನ್ನು ಇಂಗ್ಲಿಷಿನಲ್ಲಿಯೂ ಚಿಕ್ಕಮಗಳೂರು ಎಂದೇ ಬರೆಯುವಂತೆ ಮಾಡಿತು. ಆದರೆ ಹೊರಗಿನ ಬಹಳ ಜನರ ಬೆರಳಿಗೆ ಹಳೆಯ 'ಚಿಕ್‌ಮಗಳೂರ್' ರೂಪವೇ ರೂಢಿ. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗಲೂ ನಮ್ಮ ಕಾಫಿಯ ಹೆಸರು ದಾಖಲಾದದ್ದು ಆ ಹಳೆಯ ರೂಪದಲ್ಲಿಯೇ. ಬಾಬಾಬುಡನ್‌ಗಿರಿಯ ಅರೇಬಿಕಾಕ್ಕೂ ಅದೇ ವರ್ಷ ಪ್ರತ್ಯೇಕ ಮಾನ್ಯತೆ ಬಂತು. ದೊಡ್ಡ ಊರಿನ ಎರಡು ರೂಪಗಳನ್ನು ಗೂಗಲ್ ಬಹುಮಟ್ಟಿಗೆ ಒಂದೇ ಎಂದು ಅರಿಯುತ್ತದೆ. ನಮ್ಮ ಸಣ್ಣ ಊರುಗಳ ವಿಷಯದಲ್ಲಿ ಆ ಭರವಸೆ ಸಾಲದು. ಆದುದರಿಂದ ಊರು, ಹೋಬಳಿ, ತಾಲ್ಲೂಕು, ಜಿಲ್ಲೆಗಳನ್ನು ಒಮ್ಮೆ ಪೂರ್ಣವಾಗಿ ಬರೆಯಿರಿ. ಇಂಗ್ಲಿಷ್ ಪುಟದಲ್ಲಿ ಹಳೆಯ ರೂಪವೂ ಒಂದು ಕಡೆ ಬರಲಿ.

ಒಂದು ಎಚ್ಚರಿಕೆ. ಭೌಗೋಳಿಕ ಸೂಚಿಯ ಚಿಹ್ನೆಯನ್ನು ಹಾಕಿಕೊಳ್ಳಬೇಕಾದರೆ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡಿರಬೇಕು. ತೋಟ ಎಲ್ಲಿದೆ ಎಂದು ಹೇಳಲು ಯಾರ ಅಪ್ಪಣೆಯೂ ಬೇಡ.

ಪುಟವನ್ನು ಬರೆಯುವ ಕ್ರಮ

1. ಒಂದು ಪದಾರ್ಥಕ್ಕೆ ಒಂದು ಪುಟ. ಪುಡಿ, ಹಸಿ ಬೀಜ, ಮೆಣಸು, ಹೋಂಸ್ಟೇ ಎಲ್ಲವನ್ನೂ ಒಂದೇ ಪುಟಕ್ಕೆ ತುರುಕಿದರೆ ಯಾವುದಕ್ಕೂ ಅದು ಸರಿಯಾದ ಉತ್ತರವಾಗುವುದಿಲ್ಲ.

2. ತಲೆಬರಹ. ಗೂಗಲ್ ಫಲಿತಾಂಶದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಸಾಲಿಗೆ ಟೈಟಲ್ ಎನ್ನುತ್ತಾರೆ. ಎಷ್ಟೋ ತಾಣಗಳಲ್ಲಿ ಅಲ್ಲಿ 'ಮುಖಪುಟ' ಅಥವಾ 'ಸುಸ್ವಾಗತ' ಎಂದಷ್ಟೇ ಇರುತ್ತದೆ. ಅದರ ಬದಲು 'ಕಳಸದ ಅರೇಬಿಕಾ ಕಾಫಿ ಪುಡಿ, ಚಿಕೋರಿ ಇಲ್ಲದ್ದು' ಎಂದು ಬರೆದು ಕೊನೆಗೆ ತೋಟದ ಹೆಸರು ಹಾಕಿದರೆ ಓದುಗರಿಗೂ ಯಂತ್ರಕ್ಕೂ ವಿಷಯ ತಿಳಿಯಿತು. ಇಂಗ್ಲಿಷಿನಲ್ಲಿ ಸುಮಾರು 60 ಅಕ್ಷರ ಮೀರಿದರೆ ಸಾಲಿನ ತುದಿ ಕತ್ತರಿಸಿ ಹೋಗುತ್ತದೆ. ಕನ್ನಡದ ಅಕ್ಷರಗಳು ಅಗಲವಾದ್ದರಿಂದ ಇನ್ನೂ ಚಿಕ್ಕದಾಗಿರಲಿ.

3. ವಿವರಣೆ. ಟೈಟಲಿನ ಕೆಳಗೆ ಕಾಣುವ ಎರಡು ಸಾಲು ಇದು. ಸ್ಥಾನ ಏರಿಸುವ ಶಕ್ತಿ ಇದಕ್ಕಿಲ್ಲ. ಆದರೆ ಓದಿದವರು ಒಳಗೆ ಬರುವರೋ ಇಲ್ಲವೋ ಎಂಬುದು ಹೆಚ್ಚಾಗಿ ಇದರ ಮೇಲೆ ನಿಂತಿದೆ.

4. ಸಂಗತಿಗಳು. ತೋಟದ ಎತ್ತರ, ತಳಿ, ಹಣ್ಣು ಕೊಯ್ದ ತಿಂಗಳು, ಒಣಗಿಸಿದ ಬಗೆ, ಹುರಿದ ದಿನಾಂಕ, ಬೆಲೆ, ಅಂಚೆ ವೆಚ್ಚ, ಇವನ್ನು ನಿಜವಿದ್ದ ಹಾಗೆ ಬರೆಯಿರಿ. ನಿಮ್ಮಲ್ಲಿರುವುದು ಎಸ್. 795 ಆಗಿದ್ದರೆ ಹಾಗೆಂದೇ ಬರೆಯಿರಿ. ಆ ತಳಿಯನ್ನೇ ಹೆಸರು ಹಿಡಿದು ಹುಡುಕುವ ರೋಸ್ಟರುಗಳಿದ್ದಾರೆ. ಚಿಕೋರಿ ಬೆರೆಸಿದ್ದರೆ ಶೇಕಡಾ ಎಷ್ಟು ಎಂದು ತಿಳಿಸಿ. ಕಾನೂನಿನಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಅಂಶ ಶೇ. 51ಕ್ಕೆ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೂ ನಮೂದಿಸಬೇಕು. ಬೇರೆಯವರ ತಾಣದಿಂದ ವಾಕ್ಯ ನಕಲು ಮಾಡಬೇಡಿ. ಅದೇ ಮಾತು ಹತ್ತು ಕಡೆ ಇದ್ದರೆ ಯಂತ್ರ ಒಂದನ್ನು ಉಳಿಸಿಕೊಂಡು ಉಳಿದವನ್ನು ಬದಿಗೆ ಸರಿಸುತ್ತದೆ.

5. ಚಿತ್ರಗಳು. ಫೋನಿನಲ್ಲಿ ತೆಗೆದ ಫೋಟೋ ಒಂದೊಂದೂ ನಾಲ್ಕೈದು ಎಂ.ಬಿ. ತೂಗುತ್ತದೆ. ಹತ್ತು ಫೋಟೋ ಹಾಕಿದರೆ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಹೊರಟುಹೋಗಿರುತ್ತಾರೆ. ಅಳತೆ ಕುಗ್ಗಿಸಿ ಇನ್ನೂರು, ಮುನ್ನೂರು ಕೆ.ಬಿ.ಗೆ ಇಳಿಸಿ. ಪ್ರತಿ ಚಿತ್ರಕ್ಕೂ ಪರ್ಯಾಯ ಬರಹ ಎಂಬ ಜಾಗವಿರುತ್ತದೆ. ಅಲ್ಲಿ 'ಕಣದಲ್ಲಿ ಒಣಗುತ್ತಿರುವ ಅರೇಬಿಕಾ ಪಾರ್ಚ್‌ಮೆಂಟ್' ಎಂಬಂತೆ ಬರೆಯಿರಿ. ಕಣ್ಣು ಕಾಣದವರಿಗೆ ಅದನ್ನು ಯಂತ್ರ ಓದಿ ಹೇಳುತ್ತದೆ, ಗೂಗಲ್‌ಗೂ ಚಿತ್ರ ಅರ್ಥವಾಗುತ್ತದೆ.

6. ಫೋನಿನಲ್ಲಿ ನೋಡಿ. ಗೂಗಲ್ ಈಗ ತಾಣದ ಮೊಬೈಲ್ ರೂಪವನ್ನೇ ಮುಖ್ಯವೆಂದು ಪರಿಗಣಿಸುತ್ತದೆ. ಈ ಬದಲಾವಣೆ 2016ರಲ್ಲಿ ಪ್ರಕಟವಾಗಿ 2023ರಲ್ಲಿ ಪೂರ್ತಿಯಾಯಿತು. ಗಣಕದಲ್ಲಿ ಅಂದವಾಗಿದ್ದು ಫೋನಿನಲ್ಲಿ ಅಕ್ಷರ ಕಾಣದಿದ್ದರೆ ಪ್ರಯೋಜನವಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ

ಕನ್ನಡ ಪುಟಗಳು ಇಂಗ್ಲಿಷಿಗಿಂತ ಕಡಿಮೆ ಇರುವುದರಿಂದ ಒಳ್ಳೆಯ ಕನ್ನಡ ಪುಟ ಬೇಗ ಕಣ್ಣಿಗೆ ಬೀಳುತ್ತದೆ. 2017ರಿಂದ ಕನ್ನಡದಲ್ಲಿ ಮಾತಾಡಿಯೇ ಗೂಗಲ್‌ನಲ್ಲಿ ಹುಡುಕಬಹುದು. ಸಸಿ, ಗೊಬ್ಬರ, ಯಂತ್ರೋಪಕರಣ ಮಾರುವ ಸದಸ್ಯರ ಗಿರಾಕಿಗಳು ಬೆಳೆಗಾರರೇ ಆದ್ದರಿಂದ ಅವರಿಗೆ ಕನ್ನಡ ಪುಟ ಅವಶ್ಯಕ.

ಆದರೆ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ತಾಣಕ್ಕೆ ಹಾಕಬಾರದು. ಆ ಹಳೆಯ ಪದ್ಧತಿಯಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡವಾಗಿ ಕಾಣುವುದು ಫಾಂಟಿನ ವೇಷ ಮಾತ್ರ. ನಮ್ಮ ಕಣ್ಣಿಗೆ 'ಕಾಫಿ', ಯಂತ್ರಕ್ಕೆ ಅರ್ಥವಿಲ್ಲದ ಗೀಚು. ಯೂನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿಯಲ್ಲಿ ಕನ್ನಡ 1991ರಿಂದಲೇ ಇದೆ, ಈಗಿನ ನುಡಿ ಮತ್ತು ಬರಹ ಎರಡರಲ್ಲೂ ಯೂನಿಕೋಡ್ ಆಯ್ಕೆ ಇದೆ. ನಮ್ಮ ಸಂಘದ ಹಳೆಯ ಸಂಚಿಕೆಗಳನ್ನು ತಾಣಕ್ಕೆ ಏರಿಸಿದಾಗ ನಾವೂ ಇದೇ ತಪ್ಪು ಮಾಡಿದೆವು. ಕೊಳೆರೋಗದ ಬಗ್ಗೆ ನಾವು ಪ್ರಕಟಿಸಿದ ಲೇಖನ ನಮ್ಮ ತಾಣದಲ್ಲಿದ್ದೂ ಹುಡುಕಿದ ಸದಸ್ಯರಿಗೆ ಸಿಗಲಿಲ್ಲ.

ನಕ್ಷೆಯಲ್ಲಿ ಹೆಸರು

ಹೋಂಸ್ಟೇ, ಅಂಗಡಿ, ನರ್ಸರಿ ನಡೆಸುವವರು ತಾಣಕ್ಕಿಂತ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಬೇಕು. ಇದು ಉಚಿತ. ಗಿರಾಕಿಗಳನ್ನು ಮುಖಾಮುಖಿ ಕಾಣುವ ವ್ಯವಹಾರಗಳಿಗೆ ಮಾತ್ರ ಇದು ಸಲ್ಲುತ್ತದೆ. ಬರೀ ಅಂಚೆಯಲ್ಲಿ ಪುಡಿ ಕಳುಹಿಸುವವರಿಗೆ ಅನ್ವಯವಿಲ್ಲ. ನಕ್ಷೆಯಲ್ಲಿ ಯಾರನ್ನು ಮೇಲೆ ತೋರಿಸಬೇಕೆಂಬುದಕ್ಕೆ ಗೂಗಲ್ ಮೂರು ಸಂಗತಿ ಹೇಳುತ್ತದೆ: ಹುಡುಕಿದ್ದಕ್ಕೆ ಹೊಂದಿಕೆ, ಹುಡುಕಿದವರಿಂದ ದೂರ, ಮತ್ತು ಪ್ರಸಿದ್ಧಿ. ದೂರ ನಮ್ಮ ಕೈಯಲ್ಲಿಲ್ಲ, ಉಳಿದೆರಡು ಇವೆ.

ಹೆಸರು, ವಿಳಾಸ, ದೂರವಾಣಿ ಎಲ್ಲ ಕಡೆಯೂ ಒಂದೇ ರೀತಿ ಇರಬೇಕು. ಕಳಸ ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ತಾಲ್ಲೂಕು. ತಾಣದಲ್ಲಿ ಒಂದು, ನಕ್ಷೆಯಲ್ಲಿ ಇನ್ನೊಂದು, ಪೊಟ್ಟಣದ ಮೇಲೆ ಮತ್ತೊಂದು ಎಂದಿದ್ದರೆ ಯಂತ್ರಕ್ಕೂ ಸಂಶಯ, ಗಿರಾಕಿಗೂ ಸಂಶಯ. ಬಂದುಹೋದವರಿಂದ ಅಭಿಪ್ರಾಯ ಬರೆಯಲು ಕೇಳಬಹುದು. ಆದರೆ ರಿಯಾಯಿತಿಯ ಆಸೆ ತೋರಿಸಿ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ದೂರು ಬರೆದವರಿಗೂ ಮರ್ಯಾದೆಯಿಂದ ಉತ್ತರ ಕೊಡಿ. ಅದನ್ನು ಮುಂದೆ ಬರುವವರು ಓದುತ್ತಾರೆ.

ಶಿಫಾರಸಿನ ಬೆಲೆ

ಬೇರೆ ತಾಣದವರು ನಿಮ್ಮ ಪುಟಕ್ಕೆ ಕೊಂಡಿ ಕೊಟ್ಟರೆ ಗೂಗಲ್ ಅದನ್ನು ಒಂದು ಶಿಫಾರಸಿನಂತೆ ಎಣಿಸುತ್ತದೆ. ಅದರ ಮೊದಲ ಯೋಚನೆಯೇ ಇದಾಗಿತ್ತು. ಊರಿನಲ್ಲಿ ಮಾನವಂತರ ಮಾತಿಗೆ ತೂಕ ಹೆಚ್ಚಲ್ಲವೇ, ಇಲ್ಲಿಯೂ ಹಾಗೆ. ನಿಮ್ಮ ಬೀಜ ಹುರಿಯುವ ರೋಸ್ಟರು, ನಿಮ್ಮಲ್ಲಿ ತಂಗಿ ಬರೆದ ಪತ್ರಕರ್ತರು, ನಮ್ಮ ಸಂಘ, ಇಂಥವರ ಒಂದು ಕೊಂಡಿ ಸಾಲದೇ? ಹಣ ಕೊಟ್ಟು ಸಾವಿರ ಕೊಂಡಿ ಕೊಳ್ಳುವುದು ಮೋಸವೆಂದು ಗೂಗಲ್ ಪರಿಗಣಿಸುತ್ತದೆ. 2012ರಲ್ಲಿ ಅದು ಜಾರಿಗೆ ತಂದ ಪೆಂಗ್ವಿನ್ ಎಂಬ ಬದಲಾವಣೆಯಿಂದ ಹಾಗೆ ಮೇಲೇರಿದ್ದ ತಾಣಗಳು ಕೆಳಗಿಳಿದವು.

ತಾಣದ ಪಹಣಿ ಯಾರ ಹೆಸರಿನಲ್ಲಿದೆ?

ಸಂಘಕ್ಕೇ ಆದ ಅನುಭವವನ್ನು ಮುಚ್ಚಿಡದೆ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತಾಣವನ್ನು ಮಾಡಿಕೊಟ್ಟವರು ಅದರ ವಿಳಾಸವನ್ನು, ಎಂದರೆ ಡೊಮೇನನ್ನು, ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡಿದ್ದರು. ನಾವು ಕೇಳಲೂ ಇಲ್ಲ. ಅವರು ಉದ್ಯೋಗ ಬದಲಿಸಿದರು, ನವೀಕರಣದ ನೋಟೀಸು ಅವರಿಗೆ ಹೋಯಿತು, ಅವಧಿ ತಪ್ಪಿ ವಿಳಾಸ ಬೇರೆಯವರ ಪಾಲಾಯಿತು. ವರ್ಷಗಟ್ಟಲೆ ಗಳಿಸಿದ್ದ ಕೊಂಡಿಗಳೆಲ್ಲ ಅದರೊಂದಿಗೆ ಹೋದವು. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಶುಲ್ಕ, ಒಂದು ಕಾಗದ ನೋಡದ ನಮ್ಮ ಅಲಕ್ಷ್ಯ. ಪಹಣಿಯನ್ನು ಬೇರೆಯವರ ಹೆಸರಿಗೆ ಬರೆದುಕೊಟ್ಟು ತೋಟ ಮಾಡುವವರುಂಟೇ? ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಮಿಂಚಂಚೆಗೆ, ನಿಮ್ಮ ಫೋನಿಗೆ ಇರತಕ್ಕದ್ದು.

ಗೇಣಿ ಜಾಗದ ವಿಷಯವೂ ಹೀಗೆಯೇ. ಬಿಸಿನೆಸ್ ಪ್ರೊಫೈಲಿನೊಂದಿಗೆ ಗೂಗಲ್ ಉಚಿತವಾಗಿ ಕೊಡುತ್ತಿದ್ದ ಪುಟ್ಟ ತಾಣಗಳನ್ನು 2024ರ ಮಾರ್ಚಿನಲ್ಲಿ ನಿಲ್ಲಿಸಿತು. ಅದನ್ನೇ ನಂಬಿದ್ದವರು ಬರಿಗೈಯಾದರು. ಪರರ ಜಾಗವನ್ನು ಬಳಸಿಕೊಳ್ಳಿ, ಆದರೆ ಸ್ವಂತ ಜಾಗ ಚಿಕ್ಕದಾದರೂ ಒಂದಿರಲಿ.

ಇನ್ನು 'ಮೊದಲ ಸ್ಥಾನ ಗ್ಯಾರಂಟಿ' ಎಂದು ಫೋನು ಮಾಡುವವರ ವಿಷಯ. ಮೊದಲ ಸ್ಥಾನವನ್ನು ಯಾರೂ ಖಚಿತವಾಗಿ ಕೊಡಲಾರರೆಂದು ಗೂಗಲೇ ತನ್ನ ಸೂಚನೆಗಳಲ್ಲಿ ಹೇಳಿದೆ. ಕೀವರ್ಡ್ ಟ್ಯಾಗ್ ತುಂಬಿಸುತ್ತೇವೆ ಎಂದು ಹಣ ಕೇಳುವವರಿದ್ದಾರೆ. ಆ ಟ್ಯಾಗನ್ನು ಸಾಲು ಹಚ್ಚಲು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ತಿಳಿಸಿದೆ.

ಎಷ್ಟು ಕಾಲ, ಎಷ್ಟು ಫಲ?

ಕಾಫಿ ಗಿಡ ನೆಟ್ಟ ವರ್ಷವೇ ಫಸಲು ಕೊಡುವುದಿಲ್ಲ. ಪುಟ ಸರಿಪಡಿಸಿದ ಮೇಲೂ ಕೆಲವು ತಿಂಗಳು ಕಾಯಬೇಕು. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯಕ್ಕೆ ತಾಣವನ್ನು ಸೇರಿಸಿ, ಸೈಟ್‌ಮ್ಯಾಪ್ ಎಂಬ ಪುಟಗಳ ನಕಾಶೆಯನ್ನು ಒಪ್ಪಿಸಿ. ಯಾವ ಮಾತು ಬರೆದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಒಳಗೆ ಬಂದರು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು. ದಿನವೂ ನೋಡಿ ನಿದ್ದೆಗೆಡಬೇಡಿ.

ಇದರ ಮಿತಿಯನ್ನೂ ಹೇಳಬೇಕು. ನಮ್ಮ ಬೆಳೆಯ ಬಹುಪಾಲು ಇನ್ನೂ ಮೂಟೆಯ ಲೆಕ್ಕದಲ್ಲೇ ಹೋಗುತ್ತದೆ. ಸರಿಯಾಗಿ ಒಣಗದ ಕಾಫಿಯನ್ನು ಯಾವ ತಾಣವೂ ಎರಡನೆಯ ಸಲ ಮಾರಲಾರದು. ಪುಡಿ ಮಾರುವವರು ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸದೆ ಈ ಕೆಲಸಕ್ಕೆ ಕೈಹಾಕಬಾರದು.

ಕಳಸದ ಸದಸ್ಯರು ಮುಂಗಾರು ಹಿಡಿಯುವ ಮುನ್ನ ತಮ್ಮ ನಾಲ್ಕು ಪುಟಗಳನ್ನು ಹೊಸದಾಗಿ ಬರೆದರು. ಮಂಜಿನ ಮಡಿಲನ್ನು ತೆಗೆದು ಊರು, ತಳಿ, ಬೆಲೆ ಹಾಕಿದರು. ಮೊನ್ನೆ ಕನ್ಸೋಲಿನ ಲೆಕ್ಕ ತೋರಿಸಿದರು. ಮೊದಲು ಎಸ್ಟೇಟಿನ ಹೆಸರು ಒಂದೇ ಇದ್ದ ಪಟ್ಟಿಯಲ್ಲಿ ಈಗ 'ಕಳಸ ಕಾಫಿ ಪುಡಿ' ಎಂಬುದೂ, ಚಿಕೋರಿ ಇಲ್ಲದ ಪುಡಿ ಕೇಳಿದ ಇಂಗ್ಲಿಷ್ ಮಾತುಗಳೂ ಇವೆ. ಮಳೆಗಾಲದಲ್ಲಿ ಮೂವರು ಅಪರಿಚಿತರು ಪುಡಿ ತರಿಸಿದ್ದಾರೆ, ಒಬ್ಬರು ಎರಡನೆಯ ಸಲವೂ ಬರೆದಿದ್ದಾರೆ. ಮೂವರಿಂದ ಬ್ಯಾಂಕಿನ ಸಾಲ ತೀರುವುದಿಲ್ಲ. ಆದರೆ ಆ ಮೂವರಿಗೂ ಅವರ ಹೆಸರು ಮೊದಲು ತಿಳಿದಿರಲಿಲ್ಲ ಎಂಬುದನ್ನು ಗಮನಿಸಬೇಕು.

ತಾಣವಿರುವ ಸದಸ್ಯರು ಕೊಯ್ಲು ಆರಂಭವಾಗುವ ಮುನ್ನ ಒಂದು ಸಂಜೆ ಬಿಡುವು ಮಾಡಿಕೊಂಡು, ತಮ್ಮ ಹೆಸರನ್ನು ಬಿಟ್ಟು ತಮ್ಮ ಪದಾರ್ಥವನ್ನೂ ಊರನ್ನೂ ಬರೆದು ಹುಡುಕಿ ನೋಡಬೇಕಾಗಿ ಕೋರುತ್ತೇವೆ. ಸಿಗದಿದ್ದರೆ ಫೋನನ್ನೂ ಡೊಮೇನಿನ ರಸೀದಿಯನ್ನೂ ತೆಗೆದುಕೊಂಡು ಸಂಘದ ಕಚೇರಿಗೆ ಬನ್ನಿ. ಕೂಡಿ ನೋಡೋಣ.